ಟರ್ಕಿ ಊಟದ ಮೆನು ಫೋಟೋ: ಯಾವ ಕೋನ, ಯಾವ ಬೆಳಕು, ಯಾವ ತಟ್ಟೆ?

ಇಸ್ಕೆಂದರ್ ಕೆಬಾಪ್ ಮೇಜಿಗೆ ಬಂದಾಗ ಅದರ ಅಡುಗೆ ಇನ್ನೂ ಮುಗಿದಿರುವುದಿಲ್ಲ. ತಟ್ಟೆಯಲ್ಲಿ ತುಂಡು ಮಾಡಿದ ಪಿದೆ ರೊಟ್ಟಿ, ಅದರ ಮೇಲೆ ತೆಳ್ಳಗೆ ಹೆರೆದ ದೊನೆರ್ ಮಾಂಸ, ಟೊಮೆಟೊ ಸಾಸ್, ಪಕ್ಕದಲ್ಲಿ ಒಂದು ದೊಡ್ಡ ಚಮಚ ಗಟ್ಟಿ ಮೊಸರು. ಆಮೇಲೆ ಬಡಿಸುವವರು ಒಂದು ಪುಟ್ಟ ಬಾಣಲೆ ಹಿಡಿದು ಬರುತ್ತಾರೆ. ಅದರಲ್ಲಿ ಕಾಯಿಸಿದ ಬೆಣ್ಣೆ. ಸುರಿದ ಕೂಡಲೇ ಚುಂಯ್ ಅಂತ ಸದ್ದು. ಮಾಂಸದ ಅಂಚಿನಲ್ಲಿ ಬೆಣ್ಣೆ ನೊರೆ ನೊರೆಯಾಗಿ ಕುದಿಯುತ್ತದೆ, ಫಳಫಳ ಹೊಳೆಯುತ್ತದೆ. ಅರ್ಧ ನಿಮಿಷ, ಅಷ್ಟೇ. ಆಮೇಲೆ ನೊರೆ ಇಳಿಯುತ್ತದೆ, ಬೆಣ್ಣೆಯನ್ನು ರೊಟ್ಟಿ ಹೀರಿಕೊಳ್ಳುತ್ತದೆ, ಮಾಂಸ ಮಂಕಾಗುತ್ತದೆ. ಇನ್ನೂ ಸ್ವಲ್ಪ ಹೊತ್ತು ಬಿಟ್ಟರೆ ತಟ್ಟೆಯ ಅಂಚಿನಲ್ಲಿ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ.

ಬುರ್ಸಾ ಊರಿನ ಈ ತಿನಿಸಿನ ಫೋಟೋ ಆ ಅರ್ಧ ನಿಮಿಷದೊಳಗೇ ಆಗಬೇಕು. ಪದರ ಪದರದ ಸಿಹಿ ಬಕ್ಲಾವಾ ಹಾಗಲ್ಲ. ಬೆಳಗ್ಗೆ ಇಟ್ಟರೆ ಮಧ್ಯಾಹ್ನದ ತನಕ ಕಾಯುತ್ತದೆ. ಟರ್ಕಿ ಊಟದ ಮೆನು ಫೋಟೋ ತೆಗೆಯಲು ಹೊರಟವರಿಗೆ ನನ್ನ ಮೊದಲ ಮಾತು ಇದೇ: ಯಾವ ಲೆನ್ಸ್, ಯಾವ ಲೈಟು ಅಂತ ಕೇಳುವ ಮುಂಚೆ, ಈ ತಿನಿಸಿನ ಹದ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಕೇಳಿ. ಉಳಿದ ಆಯ್ಕೆಗಳೆಲ್ಲ ಅದರ ಹಿಂದೆ ಬರುತ್ತವೆ. ಕಾವಲಿಯಿಂದ ಎತ್ತಿದ ದೋಸೆ ಎಷ್ಟು ಹೊತ್ತು ಗರಿಗರಿ ಇರುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ? ಅದೇ ಕಣ್ಣಿನಿಂದ ಲಹ್ಮಜೂನನ್ನೂ, ಅಂದರೆ ಮಾಂಸ ಸವರಿ ಸುಟ್ಟ ಅಲ್ಲಿಯ ತೆಳು ರೊಟ್ಟಿಯನ್ನೂ, ನೋಡಬೇಕು.

ಮೊದಲು ಉಸ್ತಾ ಹತ್ತಿರ ಕೂರಿ

ಟರ್ಕಿಯಲ್ಲಿ ಕೈಪಳಗಿದ ಅಡುಗೆಯವರನ್ನು ಉಸ್ತಾ ಅಂತ ಕರೆಯುತ್ತಾರೆ. ಕ್ಯಾಮೆರಾ ಹೊರಗೆ ತೆಗೆಯುವ ಮೊದಲು ನಾನು ಮೆನು ಹಿಡಿದು ಅವರ ಪಕ್ಕ ಕೂರುತ್ತೇನೆ. ಒಂದೊಂದು ತಿನಿಸಿನ ಮುಂದೆಯೂ ನಿಮಿಷ ಬರೆದುಕೊಳ್ಳುತ್ತೇನೆ. ಇಸ್ಕೆಂದರ್‌ಗೆ ಅರ್ಧ ನಿಮಿಷ. ಶಾವಿಗೆ ಎಳೆಗಳ ನಡುವೆ ಚೀಸ್ ಇಟ್ಟು ಮಾಡುವ ಹತಾಯ್ ಕಡೆಯ ಸಿಹಿ ಕುನೆಫೆಗೆ ಒಂದೂವರೆ ನಿಮಿಷ, ಅದು ಮೀರಿದರೆ ಒಳಗಿನ ಚೀಸ್ ಎಳೆ ಎಳೆಯಾಗಿ ಬರುವುದಿಲ್ಲ, ರಬ್ಬರ್ ಥರ ಮುರಿಯುತ್ತದೆ. ಟರ್ಕಿ ಕಾಫಿಯ ನೊರೆಗೆ ಎರಡು ನಿಮಿಷ. ಮೊಗೆದು ಸುರಿದ ಐರಾನ್ ಮಜ್ಜಿಗೆಯ ನೊರೆಗೂ ಹೆಚ್ಚೂ ಕಡಿಮೆ ಅಷ್ಟೇ. ಅದಾನಾ ಕೆಬಾಪ್ ಐದು ನಿಮಿಷ ತಡೆಯುತ್ತದೆ. ಆಲಿವ್ ಎಣ್ಣೆಯಲ್ಲಿ ಬೇಯಿಸಿ ಆರಿಸಿ ಬಡಿಸುವ ತರಕಾರಿ, ದ್ರಾಕ್ಷಿ ಎಲೆಯ ಸರ್ಮಾ, ಮೆಜೆ ಅನ್ನುವ ಸಣ್ಣ ಸಣ್ಣ ತಣ್ಣನೆ ತಿನಿಸಿನ ತಟ್ಟೆಗಳು, ಬಕ್ಲಾವಾ, ಇವೆಲ್ಲ ತಾಳ್ಮೆಯ ಜನ. ಇವುಗಳ ಜೊತೆ ಗಂಟೆಗಟ್ಟಲೆ ಆಡಬಹುದು.

ಅವಸರದ ತಿನಿಸಿಗೆ ಒಂದೇ ದಾರಿ. ಎರಡು ತಟ್ಟೆ ಕೇಳಿ. ಮೊದಲನೆಯದು ಆರಿದ್ದರೂ ಪರವಾಗಿಲ್ಲ, ಅದನ್ನಿಟ್ಟು ಕೋನ, ಫೋಕಸ್, ಬೆಳಕು ಎಲ್ಲ ಹೊಂದಿಸಿ. ತಟ್ಟೆ ಎಲ್ಲಿತ್ತು ಅಂತ ಮೇಜಿನ ಮೇಲೆ ಸಣ್ಣ ಟೇಪ್ ಅಂಟಿಸಿ. ಕ್ಯಾಮೆರಾ ಟ್ರೈಪಾಡ್ ಮೇಲೆ ಅಲುಗಾಡದೆ ನಿಂತಿರಲಿ. ಆಮೇಲೆ ಬಿಸಿ ತಟ್ಟೆ ಬರಲಿ, ಅದೇ ಜಾಗಕ್ಕೆ ಕೂರಲಿ, ಬೆಣ್ಣೆ ಬೀಳಲಿ, ನೀವು ಒತ್ತುತ್ತಾ ಹೋಗಿ. ಸುಮ್ನೆ ಒಂದೇ ತಟ್ಟೆಯಲ್ಲಿ ಮುಗಿಸುತ್ತೇನೆ ಅಂತ ಹೊರಟರೆ ಅರ್ಧ ನಿಮಿಷ ಫೋಕಸ್ ಹುಡುಕುವುದರಲ್ಲೇ ಕಳೆದುಹೋಗುತ್ತದೆ. ಈ ಎರಡನೇ ತಟ್ಟೆಯ ಖರ್ಚನ್ನು ಮಾಲೀಕರ ಜೊತೆ ಮೊದಲೇ ಮಾತಾಡಿಕೊಂಡಿರಿ.

ಎಲ್ಲಕ್ಕೂ ಫೋಟೋ ಬೇಕಾ, ಕೆಲವಕ್ಕೆ ಸಾಕಾ?

ಇಸ್ತಾಂಬುಲ್‌ನ ಸುಲ್ತಾನ್‌ಅಹ್ಮೆತ್ ಕಡೆ ಪ್ರವಾಸಿಗರ ಹೋಟೆಲುಗಳಲ್ಲಿ ಲ್ಯಾಮಿನೇಟ್ ಮಾಡಿದ ದಪ್ಪ ಮೆನು ಸಿಗುತ್ತದೆ. ಅನ್ನದಿಂದ ಹಿಡಿದು ಸೋಡಾ ತನಕ ಎಲ್ಲದಕ್ಕೂ ಒಂದೊಂದು ಫೋಟೋ. ಇನ್ನೊಂದು ತುದಿಯಲ್ಲಿ ಎಸ್ನಾಫ್ ಲೋಕಾಂತಾ ಇದೆ. ಅಂಗಡಿ ಬೀದಿಯ ಕೆಲಸಗಾರರು ಮಧ್ಯಾಹ್ನ ಊಟ ಮಾಡುವ ಜಾಗ. ಅಲ್ಲಿ ಗಾಜಿನ ಕೌಂಟರ್ ಹಿಂದೆ ಅಡುಗೆಯ ಟ್ರೇಗಳೇ ಸಾಲಾಗಿ ಕೂತಿರುತ್ತವೆ. ಬೆರಳು ತೋರಿಸಿದರೆ ಸಾಕು, ಬಡಿಸುತ್ತಾರೆ. ಅಂಥ ಜಾಗಕ್ಕೆ ತಿನಿಸಿನ ಫೋಟೋ ಬೇಡವೇ ಬೇಡ. ಯಾರಾದರೂ ಕೇಳಿದರೆ ಆ ಕೌಂಟರನ್ನೇ ಒಂದು ಚೆಂದದ ಚಿತ್ರ ಮಾಡಿಕೊಡಿ.

ಉಳಿದವರಿಗೆ ನಾನು ಹೇಳುವುದು: ಹೆಸರು ಕೇಳಿದರೆ ಏನಂತ ಗೊತ್ತಾಗದ ತಿನಿಸಿಗೆ ಮೊದಲು ಫೋಟೋ ಕೊಡಿ. ಟರ್ಕಿಯಲ್ಲಿ ಅಂಥ ಹೆಸರುಗಳು ಜಾಸ್ತಿ. ಇಮಾಮ್ ಬಾಯಿಲ್ದಿ ಅಂದರೆ ಇಮಾಮರು ಮೂರ್ಛೆ ಹೋದರು ಅಂತ ಅರ್ಥ. ತಟ್ಟೆಯಲ್ಲಿರುವುದು ಈರುಳ್ಳಿ, ಟೊಮೆಟೊ ತುಂಬಿ ಆಲಿವ್ ಎಣ್ಣೆಯಲ್ಲಿ ಬೇಯಿಸಿದ ಬದನೆಕಾಯಿ. ನಮ್ಮ ಎಣ್ಣೆಗಾಯಿ ತಿಂದು ಬೆಳೆದವರಿಗೆ ನೋಡಿದ ತಕ್ಷಣ ಬಾಯಲ್ಲಿ ನೀರು ಬರುತ್ತದೆ, ಆದರೆ ಹೆಸರು ಓದಿದರೆ ಏನೂ ತಿಳಿಯಲ್ಲ. ಹುನ್ಕಾರ್ ಬೇಯೆಂದಿ ಅಂದರೆ ಸುಲ್ತಾನರಿಗೆ ಹಿಡಿಸಿತು ಅಂತ. ಅದು ಸುಟ್ಟ ಬದನೆಕಾಯಿಯ ಬಿಳಿ ಗೊಜ್ಜಿನ ಮೇಲೆ ಕುರಿಮಾಂಸದ ಸಾರು. ಇವುಗಳಿಗೆ ಫೋಟೋ ಇಲ್ಲದಿದ್ದರೆ ಹೊರಗಿನವರು ಆರ್ಡರ್ ಮಾಡುವುದೇ ಇಲ್ಲ. ಸಲಾಡ್, ಪಿಲಾವ್, ಫ್ರೆಂಚ್ ಫ್ರೈಸ್‌ಗೆ ಫೋಟೋ ಕೊಟ್ಟು ಪುಟ ತುಂಬಿಸುವುದು ದುಡ್ಡಿಗೂ ನಷ್ಟ, ಕಣ್ಣಿಗೂ ಗಲಿಬಿಲಿ.

ಮೇಲಿಂದ, ಓರೆಯಿಂದ, ಎದುರಿನಿಂದ

ಕೋನದ ವಿಷಯದಲ್ಲಿ ನನ್ನ ಅಳತೆಗೋಲು ತುಂಬಾ ಸರಳ. ತಿನಿಸಿನ ರುಚಿಯ ಗುಟ್ಟು ಅದರ ಮುಖದಲ್ಲಿದೆಯಾ, ಎತ್ತರದಲ್ಲಿದೆಯಾ, ಪಕ್ಕೆಯಲ್ಲಿದೆಯಾ ಅಂತ ನೋಡುವುದು.

ಲಹ್ಮಜೂನ್ ಅಂದರೆ ಪೂರಾ ಮುಖ. ಕಾಗದದಂತೆ ತೆಳ್ಳಗಿನ ಹಿಟ್ಟು, ಮೇಲೆ ಸವರಿದ ಕೊಚ್ಚಿದ ಮಾಂಸ, ಅಂಚಿನಲ್ಲಿ ಒಲೆಯ ಕಪ್ಪು ಚುಕ್ಕೆ. ನೇರ ಮೇಲಿಂದ ತೆಗೆಯಿರಿ. ಓರೆಯಿಂದ ತೆಗೆದರೆ ಅದು ಒಂದು ಕೆಂಪು ಗೆರೆಯಾಗಿ ಕಾಣುತ್ತದೆ. ದೋಣಿ ಆಕಾರದ ಪಿದೆಯೂ ಹಾಗೇ, ಅದರಲ್ಲೂ ನಡುವೆ ಮೊಟ್ಟೆ ಒಡೆದು ಹಾಕಿದ್ದರೆ ಮೇಲಿಂದಲೇ ಚೆಂದ. ಸೆರ್ಪ್ಮೆ ಕಹ್ವಾಲ್ತಿ ಅನ್ನುವ ಹರಡಿದ ಬೆಳಗಿನ ತಿಂಡಿಗೆ ಬೇರೆ ಕೋನವೇ ಇಲ್ಲ. ಹತ್ತಾರು ಪುಟ್ಟ ಬಟ್ಟಲು: ಆಲಿವ್, ಬಿಳಿ ಚೀಸ್, ಜೇನು, ಕೈಮಾಕ್ ಕೆನೆ, ಸೌತೆ, ಟೊಮೆಟೊ, ಸಾಹಾನ್ ಅನ್ನುವ ತಾಮ್ರದ ಪುಟ್ಟ ಬಾಣಲೆಯಲ್ಲಿ ಮೆನೆಮೆನ್, ಅಂದರೆ ಟೊಮೆಟೊ ಜೊತೆ ಬೇಯಿಸಿದ ಮೊಟ್ಟೆ. ಅಲ್ಲಿ ಮೇಜು ತುಂಬಿದೆ ಅನ್ನುವುದೇ ಸುದ್ದಿ. ಏಣಿ ಹತ್ತಿಯಾದರೂ ಮೇಲಿಂದ ತೆಗೆಯಬೇಕು. ಒಂದು ಎಚ್ಚರಿಕೆ. ಎಲ್ಲ ಬಟ್ಟಲೂ ಅಂಚಿನ ತನಕ ತುಂಬಿರಲಿ. ಮೇಲಿಂದ ನೋಡುವಾಗ ಅರ್ಧ ತುಂಬಿದ ಬಟ್ಟಲು ಖಾಲಿ ಥರವೇ ಕಾಣುತ್ತದೆ.

ಓರೆ ಕೋನ, ಅಂದರೆ ಸುಮಾರು 45 ಡಿಗ್ರಿ, ಕುರ್ಚಿಯಲ್ಲಿ ಕೂತವರ ಕಣ್ಣಿನ ಕೋನ. ಇಸ್ಕೆಂದರ್, ಹುನ್ಕಾರ್ ಬೇಯೆಂದಿ, ಬಾಮಿಯಾ ಅನ್ನುವ ಬೆಂಡೆಕಾಯಿ ಸಾರು, ಇವಕ್ಕೆಲ್ಲ ಇದೇ ಸರಿ. ಕೈಸೆರಿಯ ಮಂತಿ ಮಾತ್ರ ಸ್ವಲ್ಪ ತಂಟೆ. ಉಗುರಿನಷ್ಟು ಪುಟ್ಟ ಕಡುಬು. ಒಂದು ಚಮಚದಲ್ಲಿ ನಲವತ್ತು ಹಿಡಿಸಬೇಕು ಅಂತ ಅಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಮೇಲೆ ಬೆಳ್ಳುಳ್ಳಿ ಮೊಸರು ಸುರಿದ ಮೇಲೆ ಆ ಪುಟ್ಟತನವೇ ಮುಚ್ಚಿಹೋಗುತ್ತದೆ. ಮೇಲಿಂದ ತೆಗೆದರೆ ಬಿಳಿ ಕೊಳ, ಓರೆಯಿಂದ ತೆಗೆದರೆ ಬಿಳಿ ಗುಡ್ಡ. ನಾನು ಮಾಡುವುದು ಹೀಗೆ: ಮೊಸರನ್ನು ಮುಕ್ಕಾಲು ಭಾಗಕ್ಕೆ ಮಾತ್ರ ಹಾಕಲು ಹೇಳಿ, ಮುಂದಿನ ಅಂಚಿನ ಕಡುಬುಗಳನ್ನು ಬರಿದಾಗಿ ಬಿಡಿಸುತ್ತೇನೆ. ಕೆಂಪು ಬೆಣ್ಣೆ, ಒಣ ಪುದೀನ ಮೇಲೆ ಬೀಳುತ್ತದೆ. ಒಂದು ಚಮಚದಲ್ಲಿ ಒಂದಿಷ್ಟು ಕಡುಬು ತುಂಬಿ ಪಕ್ಕದಲ್ಲಿಟ್ಟರೆ ಅಳತೆ ತಾನಾಗಿ ಗೊತ್ತಾಗುತ್ತದೆ.

ಎದುರಿನಿಂದ, ಮೇಜಿನ ಮಟ್ಟಕ್ಕೆ ಇಳಿದು ತೆಗೆಯಬೇಕಾದದ್ದು ಬಕ್ಲಾವಾ. ಚಿರೋಟಿ ನೋಡಿ ಬೆಳೆದ ನಮಗೆ ಪದರದ ಬೆಲೆ ಗೊತ್ತು. ಗಾಜಿಯಾಂತೆಪ್‌ನ ಬಕ್ಲಾವಾಕ್ಕೆ 2013ರಲ್ಲಿ ಐರೋಪ್ಯ ಒಕ್ಕೂಟದ ಭೌಗೋಳಿಕ ಮಾನ್ಯತೆ ಸಿಕ್ಕಿತು, ಟರ್ಕಿಯ ಪದಾರ್ಥಗಳಲ್ಲಿ ಆ ಮಾನ್ಯತೆ ಮೊದಲು ಸಿಕ್ಕಿದ್ದು ಇದಕ್ಕೇ. 2015ರಲ್ಲಿ ಯುನೆಸ್ಕೋ ಆ ಊರನ್ನೇ ಅಡುಗೆಯ ಸೃಜನಶೀಲ ನಗರಗಳ ಪಟ್ಟಿಗೆ ಸೇರಿಸಿತು. ಇಷ್ಟು ಹೆಸರು ಮಾಡಿದ ಪದರವನ್ನು ಮೇಲಿಂದ ತೆಗೆದರೆ ಒಂದು ಕಂದು ಚೌಕ ಮಾತ್ರ ಕಾಣುತ್ತದೆ. ಬಗ್ಗಿ ನೋಡಿ. ಮೇಲೆ ಚಿನ್ನದ ಬಣ್ಣದ ತೆಳು ಹಾಳೆಗಳು, ನಡುವೆ ದಪ್ಪ ಹಸಿರು ಪಿಸ್ತಾ, ಕೆಳಗೆ ಪಾಕ ಹೀರಿದ ಹಾಳೆಗಳು. ಕ್ಯಾರೆಟ್ ತುಂಡಿನಂತೆ ಉದ್ದಕ್ಕೆ ಕತ್ತರಿಸುವ ಹವುಚ್ ದಿಲಿಮಿ ಸಿಕ್ಕರೆ ಅದನ್ನೇ ಆರಿಸಿ, ಅದರ ಪಕ್ಕೆ ದೊಡ್ಡದು. ಕತ್ತರಿಸುವ ಚಾಕು ಹರಿತವಾಗಿರಲಿ, ಪ್ರತಿ ಸಲ ಒರೆಸಿರಲಿ. ಮೊಂಡ ಚಾಕು ಪದರಗಳನ್ನು ಒತ್ತಿ ಅಂಟಿಸಿಬಿಡುತ್ತದೆ, ಆಮೇಲೆ ಯಾವ ಲೆನ್ಸೂ ಅದನ್ನು ಬಿಡಿಸಿ ತೋರಿಸಲಾರದು.

ಅದಾನಾ ಕೆಬಾಪ್ ಓರೆ ಕೋನಕ್ಕೂ ಎದುರಿನ ಕೋನಕ್ಕೂ ನಡುವೆ ಬರುತ್ತದೆ. ಝಿರ್ಹ್ ಅನ್ನುವ ಬಾಗಿದ ದೊಡ್ಡ ಕತ್ತಿಯಲ್ಲಿ ಕೈಯಾರೆ ಕೊಚ್ಚಿದ ಕುರಿಮಾಂಸ, ಬಾಲದ ಕೊಬ್ಬು, ಕೆಂಪು ಮೆಣಸು. ಅದನ್ನು ಅಗಲದ ಕಬ್ಬಿಣದ ಸರಳಿಗೆ ಒತ್ತಿ ಒತ್ತಿ ಅಂಟಿಸುವಾಗ ಉಸ್ತಾ ಬೆರಳಿನ ಅಚ್ಚು ಉಳಿಯುತ್ತದೆ. ಸಣ್ಣ ಸಣ್ಣ ಅಲೆಯ ಹಾಗೆ ಆ ಏರಿಳಿತ ಕಂಡರೆ ಅದು ಕೈಯಲ್ಲಿ ಮಾಡಿದ್ದು ಅಂತ ಗೊತ್ತಿದ್ದವರಿಗೆ ಗೊತ್ತಾಗುತ್ತದೆ. 25ರಿಂದ 30 ಡಿಗ್ರಿಯಷ್ಟು ತಗ್ಗಿದ ಕೋನ, ಪಕ್ಕದಿಂದ ಬೆಳಕು, ಆಗ ಪ್ರತಿ ಅಲೆಗೂ ಒಂದು ನೆರಳು ಬೀಳುತ್ತದೆ.

ಇನ್ನೊಂದು ಮಾತು. ಒಂದು ಪುಟದ ಕೆಬಾಪ್‌ಗಳೆಲ್ಲ ಒಂದೇ ಕೋನದಲ್ಲಿ, ಒಂದೇ ದೂರದಿಂದ ಇರಲಿ. ಅದಾನಾ ಮತ್ತು ಉರ್ಫಾ ನೋಡಲು ಅಣ್ಣ ತಮ್ಮ. ಒಂದು ಖಾರ, ಇನ್ನೊಂದು ಸಪ್ಪೆ. ಒಂದನ್ನು ಮೇಲಿಂದ, ಇನ್ನೊಂದನ್ನು ಎದುರಿನಿಂದ ತೆಗೆದರೆ ಗಿರಾಕಿ ಹೋಲಿಸುವುದು ಹೇಗೆ? ಒಂದೇ ಕೋನ ಇಟ್ಟು, ಅದಾನಾದ ಪಕ್ಕ ಪುಲ್ ಬಿಬೆರ್ ಮೆಣಸಿನ ಪುಡಿ ಇಡಿ, ಉರ್ಫಾದ ಪಕ್ಕ ಬರೀ ಸುಟ್ಟ ಟೊಮೆಟೊ ಇಡಿ. ಕಣ್ಣೇ ಅರ್ಥ ಮಾಡಿಕೊಳ್ಳುತ್ತದೆ.

ಕಿಟಕಿ ಬೆಳಕು, ಎಲ್‌ಇಡಿ, ಫ್ಲ್ಯಾಶ್

ಕಿಟಕಿ ಬೆಳಕು ಸಿಕ್ಕರೆ ಅದನ್ನು ಬಿಟ್ಟುಕೊಡಬೇಡಿ. ಉತ್ತರದ ಕಿಟಕಿಯಾದರೆ ದಿನವಿಡೀ ಮೆತ್ತನೆಯ ಬೆಳಕು. ಬೇರೆ ದಿಕ್ಕಿನದಾದರೆ ಒಂದು ಬಿಳಿ ತೆಳು ಪರದೆ ಕಟ್ಟಿದರೆ ಸಾಕು. ಆದರೆ ಬೆಂಗಳೂರಿನ ಲೆಕ್ಕ ಅಲ್ಲಿ ನಡೆಯಲ್ಲ. ನಮ್ಮಲ್ಲಿ ಡಿಸೆಂಬರಿನಲ್ಲೂ ಹನ್ನೊಂದು ಗಂಟೆಗೂ ಜಾಸ್ತಿ ಹಗಲು. ಇಸ್ತಾಂಬುಲ್ 41 ಡಿಗ್ರಿ ಉತ್ತರದಲ್ಲಿದೆ. ಬೇಸಿಗೆಯಲ್ಲಿ ಸುಮಾರು 15 ಗಂಟೆ ಹಗಲಿದ್ದರೆ ಡಿಸೆಂಬರಿನಲ್ಲಿ ಒಂಬತ್ತು ಗಂಟೆ ಚಿಲ್ಲರೆ ಮಾತ್ರ. ಅದರಲ್ಲೂ ಮೋಡ, ಮಳೆ. ಹೋಟೆಲಿನವರು ಮಧ್ಯಾಹ್ನದ ಗಿರಾಕಿ ಮುಗಿಸಿ ನಿಮಗೆ ಅಡುಗೆಮನೆ ಬಿಟ್ಟುಕೊಡುವುದು ಮೂರು ಗಂಟೆಗೆ. ಅಷ್ಟೊತ್ತಿಗೆ ಬೆಳಕು ಕುಂದತೊಡಗಿರುತ್ತದೆ. ಹಾಗಾಗಿ ಚಳಿಗಾಲದ ಕೆಲಸಕ್ಕೆ ಕಿಟಕಿಯನ್ನು ನಂಬಬೇಡಿ, ಲೈಟು ಒಯ್ಯಿರಿ.

ಎಲ್‌ಇಡಿ ಮತ್ತು ಫ್ಲ್ಯಾಶ್ ನಡುವೆ, ಅವಸರದ ತಿನಿಸು ಜಾಸ್ತಿ ಇರುವ ಮೆನುಗೆ ನಾನು ಫ್ಲ್ಯಾಶ್ ಆರಿಸುತ್ತೇನೆ. ಬೀಳುತ್ತಿರುವ ಬೆಣ್ಣೆ, ಏಳುತ್ತಿರುವ ನೊರೆ, ಎಳೆಯುತ್ತಿರುವ ಚೀಸ್, ಇವನ್ನು ಅದು ಕಲ್ಲಿನಂತೆ ನಿಲ್ಲಿಸುತ್ತದೆ. ಬೆಳಕನ್ನು ಮೆತ್ತಗೆ ಹರಡುವ ದೊಡ್ಡ ಸಾಫ್ಟ್‌ಬಾಕ್ಸ್ ಇರಲೇಬೇಕು. ಕ್ಯಾಮೆರಾ ತಲೆಯ ಮೇಲಿನ ಫ್ಲ್ಯಾಶನ್ನು ನೇರ ಹೊಡೆದರೆ ಎಣ್ಣೆಯೆಲ್ಲ ಬಿಳಿ ಚುಕ್ಕೆಗಳಾಗಿ ಊಟ ಬೆವರಿದಂತೆ ಕಾಣುತ್ತದೆ. ಮೆಜೆ, ಸಿಹಿ, ತಿಂಡಿ ಜಾಸ್ತಿ ಇದ್ದರೆ ಎಲ್‌ಇಡಿ ಸುಲಭ, ಏನು ಸಿಗುತ್ತದೆ ಅಂತ ಕಣ್ಣೆದುರೇ ಕಾಣುತ್ತದೆ. ಕೊಳ್ಳುವಾಗ ಸಿಆರ್‌ಐ, ಅಂದರೆ ಲೈಟು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕಿ, 95ಕ್ಕಿಂತ ಮೇಲಿರಲಿ. ಅದಕ್ಕಿಂತ ಮುಖ್ಯವಾಗಿ ಆರ್‌9 ಅನ್ನುವ ಅಂಕಿ ನೋಡಿ, ಅದು ಗಾಢ ಕೆಂಪನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅಂತ ಹೇಳುತ್ತದೆ. ಟರ್ಕಿ ಊಟದಲ್ಲಿ ಕೆಂಪೇ ಪ್ರಾಣ. ಮಾಂಸ, ಟೊಮೆಟೊ, ಮೆಣಸು, ಸುಮಾಕ್ ಅನ್ನುವ ಹುಳಿ ಪುಡಿ. ಆರ್‌9 ಕಡಿಮೆ ಇರುವ ಅಗ್ಗದ ಲೈಟಿನಲ್ಲಿ ಅದಾನಾ ಕೆಬಾಪ್ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ.

ಹೋಟೆಲಿನ ಒಳಗಿನ ದೀಪಗಳನ್ನು ಆರಿಸಿಬಿಡಿ. ಇದನ್ನು ಒತ್ತಿ ಹೇಳುತ್ತೇನೆ. ಓಜಾಕ್‌ಬಾಶಿಯಲ್ಲಿ, ಅಂದರೆ ಕೆಂಡದ ಒಲೆಯ ಸುತ್ತ ಕೂತು ತಿನ್ನುವ ಹೋಟೆಲಿನಲ್ಲಿ, ಮೇಲೆ ತಾಮ್ರದ ಹೊಗೆಗೂಡು, ಅದರ ಕೆಳಗೆ ಹಳದಿ ಬಲ್ಬು. ಇನ್ನೊಂದು ಕಡೆ ಕಿಟಕಿಯ ನೀಲಿ ಬೆಳಕು. ಆಗ ಮೊಸರನ್ನು ನೋಡಿ. ಒಂದು ಪಕ್ಕ ಹಳದಿ, ಒಂದು ಪಕ್ಕ ನೀಲಿ. ಮಾಂಸದಲ್ಲಿ ಈ ದೋಷ ಅಡಗಿಬಿಡುತ್ತದೆ, ಮೊಸರಿನಲ್ಲಿ ಅಡಗಲ್ಲ. ಕಂಪ್ಯೂಟರಿನಲ್ಲಿ ಒಂದು ಪಕ್ಕ ಸರಿ ಮಾಡಿದರೆ ಇನ್ನೊಂದು ಪಕ್ಕ ಕೆಡುತ್ತದೆ. ಮೊಸರಿನ ಬಗ್ಗೆಯೇ ಇನ್ನೊಂದು ಮಾತು. ಬೆಳಕಿನ ಅಳತೆಯನ್ನು ಮೊಸರಿಗೆ ಹೊಂದಿಸಿ, ಮಾಂಸಕ್ಕಲ್ಲ. ಅದರ ಕೆನೆಯ ಗೆರೆಗಳು ಒಂದು ಸಲ ಬಿಳಿಯಲ್ಲಿ ಕರಗಿಹೋದರೆ ಮತ್ತೆ ಸಿಗಲ್ಲ. ಕಪ್ಪಾದ ಮಾಂಸವನ್ನು ಆಮೇಲೆ ಸ್ವಲ್ಪ ಎತ್ತಬಹುದು, ಇಲ್ಲವೇ ಎದುರು ಒಂದು ಬಿಳಿ ಥರ್ಮೋಕೋಲ್ ಹಲಗೆ ಇಟ್ಟು ಆಗಲೇ ಬೆಳಗಬಹುದು.

ತಾಮ್ರ, ಪಿಂಗಾಣಿ, ಮರದ ಹಲಗೆ

ತಾಮ್ರದ ತಟ್ಟೆ ಅಂದರೆ ಮಾಲೀಕರಿಗೆಲ್ಲ ಇಷ್ಟ. ನನಗೂ ಇಷ್ಟ, ಆದರೆ ಹುಷಾರು. ತಾಮ್ರ ಕನ್ನಡಿ ಥರ. ನಿಮ್ಮ ಅಂಗಿ, ಚಾವಣಿ, ಟ್ರೈಪಾಡ್ ಎಲ್ಲ ಅದರಲ್ಲಿ ಕೂರುತ್ತವೆ. ಪೋಲರೈಸರ್ ಫಿಲ್ಟರ್ ಹಾಕಿದರೆ ಹೋಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಹೋಗಲ್ಲ. ನೀರು, ಎಣ್ಣೆ, ಗಾಜಿನ ಹೊಳಪನ್ನು ಅದು ಇಳಿಸುತ್ತದೆ, ಬರೀ ಲೋಹದ ಹೊಳಪನ್ನಲ್ಲ. ತಾಮ್ರಕ್ಕೆ ಏನು ಪ್ರತಿಬಿಂಬಿಸಬೇಕು ಅನ್ನುವುದನ್ನು ನಾವೇ ಕೊಡಬೇಕು. ಒಂದು ಕಡೆ ದೊಡ್ಡ ಬಿಳಿ ಬಟ್ಟೆ, ಇನ್ನೊಂದು ಕಡೆ ಕಪ್ಪು ರಟ್ಟು. ಆಗ ಅಂಚು ಎದ್ದು ಕಾಣುತ್ತದೆ. ಪೋಲರೈಸರ್ ಉಪಯೋಗಕ್ಕೆ ಬರುವುದು ಎಣ್ಣೆ ಜಾಸ್ತಿ ತೇಲುವ ಸಾರುಗಳಿಗೆ. ಅದನ್ನೇ ಬಕ್ಲಾವಾದ ಮೇಲೆ ತಿರುಗಿಸಿದರೆ ಪಾಕದ ಹೊಳಪು ಹೋಗಿ ಅದು ಹಳೇ ಸರಕಿನ ಥರ ಕಾಣುತ್ತದೆ. ಬಕ್ಲಾವಾಕ್ಕೆ ಹೊಳಪು ಬೇಕೇ ಬೇಕು.

ಮೆನೆಮೆನ್, ಕುನೆಫೆ ತಾಮ್ರದಲ್ಲೇ ಇರಲಿ, ಅವು ಬರುವುದೇ ಹಾಗೆ. ಇಸ್ಕೆಂದರ್‌ಗೆ, ಮಂತಿಗೆ ಬಿಳಿ ತಟ್ಟೆ ಬೇಡ, ಮೊಸರು ತಟ್ಟೆಯಲ್ಲಿ ಕರಗಿಹೋಗುತ್ತದೆ. ಲೋಹದ ತಟ್ಟೆಯೋ, ನೀಲಿ ಅಂಚಿನ ಪಿಂಗಾಣಿಯೋ ಇರಲಿ. ಮರದ ಹಲಗೆ ಈಗ ಎಲ್ಲ ಕಡೆ ಬಂದುಬಿಟ್ಟಿದೆ. ಲಹ್ಮಜೂನ್, ಪಿದೆಗೆ ಒಪ್ಪುತ್ತದೆ. ಸಾಸ್ ಇರುವುದಕ್ಕೆ ಖಂಡಿತ ಬೇಡ. ಏನೇ ಇರಲಿ, ಹೋಟೆಲಿನಲ್ಲಿ ನಿಜವಾಗಿ ಬಡಿಸುವ ತಟ್ಟೆಯನ್ನೇ ಬಳಸಿ. ನಿಮ್ಮ ಮನೆಯಿಂದ ಚೆಂದದ ತಟ್ಟೆ ಒಯ್ಯಬೇಡಿ.

ಮೆಜೆ ಮೇಜಿನ ಬಗ್ಗೆ ಕಾನೂನಿನ ಒಂದು ವಿಷಯ ತಿಳಿದಿರಬೇಕು. ಮೆಯ್‌ಹಾನೆಯಲ್ಲಿ, ಅಂದರೆ ಅಲ್ಲಿಯ ಮದ್ಯದಂಗಡಿಯಲ್ಲಿ, ಹಯ್ದರಿ ಅನ್ನುವ ಗಟ್ಟಿ ಮೊಸರಿನ ಗೊಜ್ಜು, ಎಜ್ಮೆ ಅನ್ನುವ ಟೊಮೆಟೊ ಮೆಣಸಿನ ಚಟ್ನಿ, ಬಿಳಿ ಚೀಸ್, ಕಲ್ಲಂಗಡಿ ಪಕ್ಕದಲ್ಲಿ ಸೋಂಪಿನ ಘಮದ ಮದ್ಯ ರಾಕಿಯ ಗ್ಲಾಸು ಇದ್ದರೇ ಚಿತ್ರ ಪೂರ್ತಿ. ನೀರು ಬೆರೆಸಿದ ಕೂಡಲೇ ಹಾಲಿನಂತೆ ಬೆಳ್ಳಗಾಗುವ ಆ ಗ್ಲಾಸು ಬೆಳಕಿನಲ್ಲಿ ತುಂಬಾ ಚೆಂದ. ಆದರೆ 2013ರಿಂದ ಟರ್ಕಿಯಲ್ಲಿ ಮದ್ಯದ ಜಾಹೀರಾತಿಗೆ ನಿಷೇಧ ಇದೆ. ಮೆನುಗೆ ತೆಗೆದ ಚಿತ್ರವನ್ನೇ ಹೋಟೆಲಿನವರು ನಾಳೆ ಇನ್‌ಸ್ಟಾಗ್ರಾಮ್‌ಗೆ ಹಾಕುತ್ತಾರೆ. ಹಾಗಾಗಿ ಗ್ಲಾಸು ಇಟ್ಟು ಒಂದು, ತೆಗೆದು ಒಂದು, ಎರಡನ್ನೂ ಅಲ್ಲೇ ತೆಗೆದುಕೊಂಡುಬಿಡಿ.

ಫೋನ್ ಸಾಕಾ?

ಕ್ಯೂಆರ್ ಮೆನುಗೆ ಸಾಕು, ಎರಡು ಷರತ್ತಿನ ಮೇಲೆ. ಮಾಮೂಲಿ ಅಗಲದ ಲೆನ್ಸಿನಲ್ಲಿ ಹತ್ತಿರ ಹೋಗಿ ತೆಗೆಯಬೇಡಿ, ದುಂಡು ತಟ್ಟೆ ಮೊಟ್ಟೆಯಾಗುತ್ತದೆ. ಎರಡು ಪಟ್ಟು ಜೂಮ್ ಇಟ್ಟು ಒಂದು ಹೆಜ್ಜೆ ಹಿಂದೆ ಸರಿಯಿರಿ. ಎರಡನೆಯದು, ಪೋರ್ಟ್ರೇಟ್ ಮೋಡ್ ಬೇಡ. ಹಿನ್ನೆಲೆ ಮಸುಕು ಮಾಡಲು ಹೋಗಿ ಅದು ಕುನೆಫೆಯ ಶಾವಿಗೆ ಎಳೆಗಳನ್ನು, ಪಾರ್ಸ್ಲಿ ಎಲೆಗಳನ್ನು ಕತ್ತರಿಸಿ ಹಾಕುತ್ತದೆ. ದೊಡ್ಡದಾಗಿ ಅಚ್ಚು ಹಾಕಿಸುವುದಿದ್ದರೆ, ಬಕ್ಲಾವಾದಂಥ ಹತ್ತಿರದ ಚಿತ್ರ ಬೇಕಿದ್ದರೆ, ಕ್ಯಾಮೆರಾ ಮತ್ತು ತೀರಾ ಹತ್ತಿರದಿಂದ ತೆಗೆಯುವ 90 ಅಥವಾ 100 ಎಂಎಂ ಮ್ಯಾಕ್ರೋ ಲೆನ್ಸ್ ಬೇಕು. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಎಫ್ 5.6ರಿಂದ ಎಫ್ 8ರ ನಡುವೆ ಇರಲಿ. ಎಫ್ 1.8ರಲ್ಲಿ ತೆಗೆದ ಚಿತ್ರ ಗೋಡೆಗೆ ಚೆಂದ. ಮೆನುವಿನಲ್ಲಿ ಗಿರಾಕಿ ತಟ್ಟೆಯಲ್ಲಿ ಏನೇನಿದೆ ಅಂತ ಓದಬೇಕು, ಒಂದು ಮೆಣಸಿನಕಾಯಿ ಮಾತ್ರ ಸ್ಪಷ್ಟವಾಗಿದ್ದರೆ ಏನು ಬಂತು?

ನಿಜದ ಊಟ, ಕೊಂಡ ಚಿತ್ರ, ಎಐ ಚಿತ್ರ

ಜಾಹೀರಾತಿನ ಹಳೇ ಕೈಚಳಕಗಳು ಎಲ್ಲರಿಗೂ ಗೊತ್ತು. ಹಾಲಿನ ಬದಲು ಅಂಟು, ಕೆನೆಯ ಬದಲು ಶೇವಿಂಗ್ ಫೋಮ್. ಮೆನುವಿನಲ್ಲಿ ಇದು ಬೇಡ ಅಂತ ನನ್ನ ಗಟ್ಟಿ ಅಭಿಪ್ರಾಯ. ಮೆನು ಒಂದು ಮಾತು ಕೊಟ್ಟ ಹಾಗೆ. ಹತ್ತು ನಿಮಿಷದಲ್ಲಿ ಅದೇ ತಟ್ಟೆ ಗಿರಾಕಿಯ ಎದುರಿಗೆ ಬರುತ್ತದೆ, ಅವರು ಪಕ್ಕದಲ್ಲಿಟ್ಟು ನೋಡುತ್ತಾರೆ. ಟರ್ಕಿಯ 2013ರ ಗ್ರಾಹಕ ರಕ್ಷಣಾ ಕಾನೂನು, 6502ನೇ ಸಂಖ್ಯೆಯದು, ಜನರನ್ನು ದಾರಿ ತಪ್ಪಿಸುವ ಜಾಹೀರಾತನ್ನು ನಿಷೇಧಿಸಿದೆ ಕೂಡ. ಒಣಗಿದ ಸರ್ಮಾದ ಮೇಲೆ ಬ್ರಶ್ಶಿನಿಂದ ಅದೇ ಆಲಿವ್ ಎಣ್ಣೆ ಸವರುವುದು, ಪಾರ್ಸ್ಲಿಗೆ ನೀರು ಚಿಮುಕಿಸುವುದು, ತಟ್ಟೆಯ ಅಂಚು ಒರೆಸುವುದು, ಇಷ್ಟು ಮಾಡಿ. ಮೂರು ತುಂಡು ಮಾಂಸ ಬಡಿಸುವ ಕಡೆ ಐದು ತುಂಡು ಇಡಬೇಡಿ.

ಚಿತ್ರ ಮಾರುವ ಜಾಲತಾಣದಿಂದ ಕೊಂಡ ಚಿತ್ರ ಅಗ್ಗ, ನಿಜ. ಆದರೆ ಅಲ್ಲಿ ಟರ್ಕಿ ಕೆಬಾಪ್ ಅಂತ ಹುಡುಕಿದರೆ ಬರುವುದರಲ್ಲಿ ಅರ್ಧ ಗ್ರೀಕರದ್ದು, ಅರಬ್ಬರದ್ದು, ಇರಾನಿನದ್ದು. ಬೆಂಗಳೂರಿನಲ್ಲಿ ಶವರ್ಮಾಕ್ಕೂ ದೊನೆರ್‌ಗೂ ಒಂದೇ ಚಿತ್ರ ಹಾಕಿದ ಬೋರ್ಡು ನೋಡಿದ್ದೇನೆ. ಗೊತ್ತಿಲ್ಲದವರಿಗೆ ನಡೆಯುತ್ತದೆ, ಗೊತ್ತಿರುವ ಗಿರಾಕಿಯ ನಂಬಿಕೆ ಅಲ್ಲೇ ಹೋಗುತ್ತದೆ. ಎಐ ಚಿತ್ರದ ಕಷ್ಟ ಬೇರೆ. ಒಟ್ಟಾರೆ ಚೆಂದ ಇರುತ್ತದೆ, ವಿವರ ತಪ್ಪಿರುತ್ತದೆ. ಅದಾನಾ ಕೆಬಾಪ್ ಕೊಟ್ಟರೆ ಬೆರಳಿನ ಅಲೆ ಇರಲ್ಲ, ಸಾಸೇಜಿನಂತೆ ನುಣುಪು. ಎಲ್ಲಕ್ಕಿಂತ ಮುಖ್ಯವಾಗಿ, ಅದು ಆ ಉಸ್ತಾ ಕೈಯ ಅಡುಗೆ ಅಲ್ಲ. ದುಡ್ಡು ಕಡಿಮೆ ಇದ್ದರೆ ಮೂವತ್ತು ಎಐ ಚಿತ್ರದ ಬದಲು ಎಂಟು ನಿಜದ ಚಿತ್ರ ತೆಗೆಸಿ ಅಂತ ನಾನು ಪ್ರತಿ ಮಾಲೀಕರಿಗೂ ಹೇಳುತ್ತೇನೆ.

ಅಚ್ಚಿನ ಮೆನು, ಕ್ಯೂಆರ್ ಮೆನು

ಟರ್ಕಿಯಲ್ಲಿ ಈ ಆಯ್ಕೆಯನ್ನು ಬೆಲೆಯೇರಿಕೆ ನಿರ್ಧರಿಸುತ್ತದೆ. 2022ರ ಅಕ್ಟೋಬರ್‌ನಲ್ಲಿ ಸರಕಾರಿ ಲೆಕ್ಕದಲ್ಲೇ ವರ್ಷದ ಬೆಲೆಯೇರಿಕೆ ಶೇ. 85 ದಾಟಿತ್ತು. ಕೆಲವೇ ತಿಂಗಳಲ್ಲಿ ಮೆನುವಿನ ಅಂಕಿ ಹಳತಾಗುತ್ತಿತ್ತು. ಅಚ್ಚು ಹಾಕಿಸಿದ ದರದ ಮೇಲೆ ಸ್ಟಿಕ್ಕರ್, ಸ್ಟಿಕ್ಕರ್ ಮೇಲೆ ಸ್ಟಿಕ್ಕರ್. ಕ್ಯೂಆರ್ ಮೆನು ಅಷ್ಟು ಬೇಗ ಹಬ್ಬಲು ಇದೂ ಒಂದು ಕಾರಣ. ಹಾಗಾಗಿ ಫೋಟೋದ ಮೇಲೆ ಬೆಲೆ ಬರೆಸಬೇಡಿ. ಚಿತ್ರ ಬೇರೆ, ಬೆಲೆ ಬೇರೆ ಪದರದಲ್ಲಿ ಇರಲಿ. ಒಳ್ಳೆ ಚಿತ್ರ ಐದು ವರ್ಷ ಬಾಳುತ್ತದೆ.

ಅಚ್ಚಿಗೆ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆಯ ಲೆಕ್ಕ. 6 ಸೆಂ.ಮೀ.ಗೆ 9 ಸೆಂ.ಮೀ. ಅಳತೆಯ ಚಿತ್ರಕ್ಕೆ ಸುಮಾರು 710ಕ್ಕೆ 1063 ಪಿಕ್ಸೆಲ್ ಸಾಕು, ಅದು ದೊಡ್ಡದೇನಲ್ಲ. ನಿಜವಾದ ತೊಂದರೆ ಬಣ್ಣದ್ದು. ಒಮ್ಮೆ ಒಂದು ಹೋಟೆಲಿಗೆ ಸಿಹಿಯ ಪುಟ ಮಾಡಿಕೊಟ್ಟಿದ್ದೆ. ಪರದೆಯ ಮೇಲೆ ಪಿಸ್ತಾ ಪಚ್ಚೆ ಹಸಿರು. ಬೇಗ ಕೊಯ್ದ ಗಾಜಿಯಾಂತೆಪ್ ಪಿಸ್ತಾದ ಬಣ್ಣ ನಿಜಕ್ಕೂ ಹಾಗೇ ಇರುತ್ತದೆ. ಅಚ್ಚಾಗಿ ಬಂದಾಗ ಅದು ಒಣಗಿದ ಹುಲ್ಲಿನ ಬಣ್ಣವಾಗಿತ್ತು. ಐನೂರು ಪ್ರತಿ. ಮಾಲೀಕರು ಏನೂ ಅನ್ನಲಿಲ್ಲ, ಮೆನುವನ್ನು ಮೇಜಿನ ಮೇಲಿಟ್ಟು ಅದರ ಪಕ್ಕ ಒಂದು ತುಂಡು ಬಕ್ಲಾವಾ ಇಟ್ಟರು. ಆ ಎರಡು ಹಸಿರಿನ ನಡುವಿನ ಅಂತರ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ತೀರಾ ಗಾಢವಾದ ಹಸಿರು, ಕೆಂಪು ಅಚ್ಚಿನ ನಾಲ್ಕು ಬಣ್ಣದ ಸಿಎಂವೈಕೆ ಶಾಯಿಯಲ್ಲಿ ಪರದೆಯಷ್ಟು ಬರುವುದಿಲ್ಲ. ಅಂದಿನಿಂದ ಒಂದು ಪುಟದ ಮಾದರಿ ಅಚ್ಚು ಹಾಕಿಸದೆ ನಾನು ಫೈಲ್ ಕೊಡುವುದಿಲ್ಲ. ಪಿಸ್ತಾವನ್ನು ಸ್ವಲ್ಪ ಹಳದಿ ಕಡೆಗೆ, ಸುತ್ತಲಿನದನ್ನು ಸ್ವಲ್ಪ ಗಾಢಕ್ಕೆ ಎಳೆದರೆ ಹಸಿರು ಮತ್ತೆ ಏಳುತ್ತದೆ. ಲ್ಯಾಮಿನೇಶನ್ ಹೊಳಪಿಲ್ಲದ ಮ್ಯಾಟ್ ಇರಲಿ. ಹೊಳಪಿನ ಗ್ಲಾಸಿ ಲ್ಯಾಮಿನೇಶನ್ ಮೇಲೆ ಹೋಟೆಲಿನ ಬಲ್ಬು ಬಿದ್ದರೆ ಇಸ್ಕೆಂದರ್ ಇರುವ ಜಾಗದಲ್ಲಿ ಬೆಳಕಿನ ಚುಕ್ಕೆ ಕಾಣುತ್ತದೆ.

ಕ್ಯೂಆರ್ ಮೆನುಗೆ ಪರದೆಗಳ ಮಾಮೂಲಿ ಎಸ್‌ಆರ್‌ಜಿಬಿ ಬಣ್ಣ, ಚೌಕ ಚಿತ್ರ, 1200 ಪಿಕ್ಸೆಲ್ ಅಗಲ, 200 ಕೆಬಿ ಆಸುಪಾಸು. ಚಿತ್ರವನ್ನು ಫೋನಿನಲ್ಲಿ ಹೆಬ್ಬೆರಳಿನಷ್ಟು ಗಾತ್ರಕ್ಕೆ ಇಳಿಸಿ ನೋಡಿ. ಏನು ತಿನಿಸು ಅಂತ ಗೊತ್ತಾಗದಿದ್ದರೆ ಸುತ್ತ ಇಟ್ಟ ಬಟ್ಟೆ, ನಿಂಬೆ, ಮೆಣಸಿನ ಬಟ್ಟಲು ತೆಗೆದು ಇನ್ನೊಂದು ತೆಗೆಯಿರಿ.

ಒಂದು ದಿನದ ಸಾಲು

ಒಂದು ದಿನದಲ್ಲಿ ಇಪ್ಪತ್ತು ತಿನಿಸು ಆಗಬೇಕು ಅಂದರೆ ಹೀಗೆ ಮಾಡಿ. ಬೆಳಗ್ಗೆ ಒಲೆ ಇನ್ನೂ ಕಾದಿರುವುದಿಲ್ಲ, ಆಗ ತಾಳ್ಮೆಯ ಜನರನ್ನು ಕರೆಯಿರಿ: ಬಕ್ಲಾವಾ, ಸರ್ಮಾ, ಇಮಾಮ್ ಬಾಯಿಲ್ದಿ, ಮೆಜೆ. ಈ ಹೊತ್ತಿನಲ್ಲೇ ನಿಮ್ಮ ಬೆಳಕು ಹದಕ್ಕೆ ಬರುತ್ತದೆ. ಮಧ್ಯಾಹ್ನದ ಗಿರಾಕಿಯ ಹೊತ್ತಿನಲ್ಲಿ ಕ್ಯಾಮೆರಾ ಕೆಳಗಿಟ್ಟು ಊಟ ಮಾಡಿ, ಹೊರಗೆ ಬರುವ ತಟ್ಟೆಗಳನ್ನು ನೋಡಿ. ಬಡಿಸುವವರು ಬೆಣ್ಣೆಯನ್ನು ಯಾವ ಕಡೆಯಿಂದ ಸುರಿಯುತ್ತಾರೆ ಅಂತ ಗಮನಿಸಿ, ಅವರ ಕೈ ಬೆಳಕಿಗೆ ಅಡ್ಡ ಬರಬಾರದು. ಮೂರು ಗಂಟೆಗೆ ಕೆಂಡ ಚೆನ್ನಾಗಿ ಕಾದಿರುತ್ತದೆ, ಉಸ್ತಾ ಕೈ ಬಿಡುವಾಗಿರುತ್ತದೆ. ಕೆಬಾಪ್‌ಗಳನ್ನೆಲ್ಲ ಒಂದೇ ಕೋನದಲ್ಲಿ ಸಾಲಾಗಿ ಮುಗಿಸಿ. ಆಮೇಲೆ ಲಹ್ಮಜೂನ್, ಪಿದೆ. ಇಸ್ಕೆಂದರ್ ಮತ್ತು ಕುನೆಫೆ ಅದರ ನಂತರ, ಎರಡೆರಡು ತಟ್ಟೆ.

ಚಹಾ ಕೊನೆಗೆ. ನಡು ಸಣ್ಣಗಿರುವ ಆ ಪುಟ್ಟ ಗಾಜಿನ ಲೋಟಕ್ಕೆ ಹಿಂದಿನಿಂದ ಬೆಳಕು ಬೇಕು, ಸಂಜೆಯ ತಗ್ಗಿದ ಬಿಸಿಲು ಅದಕ್ಕೆ ಹೇಳಿ ಮಾಡಿಸಿದ್ದು. ಒಳ್ಳೆ ಚಹಾದ ಬಣ್ಣವನ್ನು ಅಲ್ಲಿ ತವ್ಶಾನ್ ಕಾನಿ ಅನ್ನುತ್ತಾರೆ, ಮೊಲದ ರಕ್ತ ಅಂತ. ಎದುರಿನಿಂದ ಬೆಳಕು ಬಿಟ್ಟರೆ ಅದು ಬರೀ ಕಪ್ಪು. ಹಿಂದಿನಿಂದ ಬಿಟ್ಟರೆ ಕೆಂಪು ಒಳಗಿನಿಂದ ಉರಿಯುತ್ತದೆ. ಲೋಟವನ್ನು ಬಿಸಿನೀರಿನಲ್ಲಿ ತೊಳೆದು ಒರೆಸಿಡಿ, ಇಲ್ಲದಿದ್ದರೆ ಹಬೆ ಕೂತು ಗಾಜು ಮಂಜಾಗುತ್ತದೆ. ಅಂಚಿನಿಂದ ಒಂದು ಬೆರಳು ಕೆಳಗೆ ತುಂಬಿಸಿ. ಸಕ್ಕರೆ ತಟ್ಟೆಯಲ್ಲಿ ಎರಡು ತುಂಡು. ತೆಗೆದಾದ ಮೇಲೆ ಆ ಲೋಟ ಉಸ್ತಾ ಕೈಗೆ ಕೊಡಿ, ಬೆಳಗ್ಗಿಂದ ಅವರೂ ನಿಂತೇ ಇದ್ದಾರೆ.